ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್

2018ರ ಮಳೆಗಾಲದಲ್ಲಿ ಬಿ.ಎ. ಮುಗಿಸಿ, ರೋಣ ತಾಲ್ಲೂಕಿನ ನಮ್ಮೂರಿನಿಂದ ಧಾರವಾಡದ ಸಪ್ತಾಪುರಕ್ಕೆ ಬಂದು ರೂಮು ಹಿಡಿದೆ. ಅಪ್ಪ ಒಂದು ವರ್ಷದ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ನೌಕರಿ ಸಿಗಬೇಕು, ಇಲ್ಲವಾದರೆ ಹೊಲಕ್ಕೆ ವಾಪಸ್. ನಾನು ಕಣ್ಣಿಟ್ಟಿದ್ದು ಪದವೀಧರರನ್ನು ಕೇಂದ್ರ ಸರ್ಕಾರಿ ನೌಕರಿಗೆ ಆರಿಸಲು ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಜಿಎಲ್ ಪರೀಕ್ಷೆಯ ಮೇಲೆ. ಆಗ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, 200 ಅಂಕ. ಅದರಲ್ಲಿ ಇಂಗ್ಲಿಷಿನವು 25. ಸರಿ ಉತ್ತರಕ್ಕೆ ಎರಡು ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ.

ಕೋಚಿಂಗ್ ಸೇರಿದ ಮೊದಲ ವಾರವೇ ಒಂದು ಮಾಕ್ ಟೆಸ್ಟ್ ಕೊಟ್ಟರು. ಗಣಿತ, ರೀಸನಿಂಗ್ ಪರವಾಗಿಲ್ಲ ಎನ್ನುವಂತೆ ಬಂದವು. ಇಂಗ್ಲಿಷಿನಲ್ಲಿ 25ಕ್ಕೆ 25 ಉತ್ತರಿಸಿದ್ದೆ. ಒಂಬತ್ತು ಸರಿ, ಹದಿನಾರು ತಪ್ಪು. ಹದಿನೆಂಟು ಅಂಕದಲ್ಲಿ ಎಂಟು ಕಳೆದು, 50ಕ್ಕೆ 10. ಆ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ರೂಮಿಗೆ ನಡೆದುಕೊಂಡು ಬಂದ ದಾರಿ ನನಗೆ ಇವತ್ತಿಗೂ ನೆನಪಿದೆ.

ತಪ್ಪುಗಳನ್ನು ಬಿಡಿಸಿ ನೋಡಿದಾಗ ಹೆಚ್ಚಿನವು ಒಂದೇ ಜಾತಿಯವು ಎಂದು ಗೊತ್ತಾಯಿತು. ಒಂದು ವಾಕ್ಯ ಕೊಟ್ಟು, ಅದರ ಒಂದು ಭಾಗಕ್ಕೆ ಗೆರೆ ಎಳೆದಿರುತ್ತಾರೆ. ಕೆಳಗೆ ನಾಲ್ಕು ಆಯ್ಕೆ. ಗೆರೆ ಎಳೆದ ಭಾಗಕ್ಕೆ ಬದಲು ಮೂರರಲ್ಲಿ ಯಾವುದನ್ನು ಇಟ್ಟರೆ ವಾಕ್ಯ ಸರಿಯಾಗುತ್ತದೆ ಎಂದು ಹೇಳಬೇಕು. ನಾಲ್ಕನೆಯದು ‘ನೋ ಇಂಪ್ರೂವ್‌ಮೆಂಟ್’, ಅಂದರೆ ಇದ್ದದ್ದೇ ಸರಿ. ಓದುವುದಕ್ಕೆ ಸುಲಭ, ಶಬ್ದಗಳೆಲ್ಲ ಗೊತ್ತಿರುವಂಥವೇ. ಆದರೆ ನಾಲ್ಕೂ ನನ್ನ ಕಿವಿಗೆ ಸರಿಯಾಗಿಯೇ ಕೇಳಿಸುತ್ತಿದ್ದವು.

ನಾನು ಇಂಗ್ಲಿಷ್ ಕಲಿಯಲು ಶುರು ಮಾಡಿದ್ದು ಐದನೇ ತರಗತಿಯಲ್ಲಿ, 2007ರಲ್ಲಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ತೊಡಗಿದ್ದೂ ಅದೇ ಶೈಕ್ಷಣಿಕ ವರ್ಷ. ಹಾಗಾಗಿ ಒಂದನೇ ತರಗತಿಗೆ ಸೇರಿದ ನನ್ನ ತಂಗಿಯೂ ನಾನೂ ಒಂದೇ ಚಿಮಣಿ ಬೆಳಕಿನಲ್ಲಿ, ಒಂದೇ ಪಾಟಿಯ ಎರಡು ಮಗ್ಗುಲಿಗೆ ಎಬಿಸಿಡಿ ತಿದ್ದಿದೆವು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಆದರೆ ಇಂಗ್ಲಿಷಿನಲ್ಲಿ ನಾವಿಬ್ಬರೂ ಓರಗೆಯವರು.

ಕೋಚಿಂಗಿನ ಸರ್ ಒಳ್ಳೆಯವರು, ಮನಸ್ಸಿಟ್ಟು ಕಲಿಸುತ್ತಿದ್ದರು. ಅವರು ಪದೇ ಪದೇ ಹೇಳುತ್ತಿದ್ದ ಮಾತು: ‘ಕನ್ನಡ ಮರೀರಿ, ಇಂಗ್ಲಿಷ್‌ನಾಗ ವಿಚಾರ ಮಾಡ್ರಿ.’ ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಎರಡು ನೋಟ್‌ಬುಕ್ಕಿನ ತುಂಬ ನಿಯಮ ಬರೆದುಕೊಂಡೆ. ಕಾಲಾವಧಿಗೆ ಫಾರ್, ಕಾಲಬಿಂದುವಿಗೆ ಸಿನ್ಸ್. ಡಿಸ್ಕಸ್ ಮುಂದೆ ಅಬೌಟ್ ಬಾರದು. ಸೀನಿಯರ್ ಮುಂದೆ ದ್ಯಾನ್ ಬಾರದು. ಬೆಳಗ್ಗೆ ಎದ್ದು ಬಾಯಿಪಾಠ ಒಪ್ಪಿಸಿದರೆ ಒಂದೂ ತಪ್ಪುತ್ತಿರಲಿಲ್ಲ. ಸಂಜೆ ಟೆಸ್ಟಿಗೆ ಕೂತರೆ ಕೈ ಮತ್ತೆ ತಪ್ಪಿನ ಕಡೆಗೇ ಹೋಗುತ್ತಿತ್ತು. ಮೂರು ತಿಂಗಳಾದರೂ ಇಂಗ್ಲಿಷಿನ ಅಂಕ 18 ದಾಟಲಿಲ್ಲ.

ದೀಪಾವಳಿಗೆ ಊರಿಗೆ ಹೋಗಿ ಬಂದ ಮೇಲೆ ನಾನು ರೀಡಿಂಗ್ ರೂಮಿನಲ್ಲಿ ಸೀಟು ಮಾಡಿಕೊಂಡೆ. ಸಪ್ತಾಪುರ ಕಂಡವರಿಗೆ ಗೊತ್ತು, ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಒಂದು ಕುರ್ಚಿ, ಒಂದು ಮೇಜು, ಪ್ಲಗ್ ಪಾಯಿಂಟು ಸಿಗುತ್ತವೆ. ನನ್ನ ಪಕ್ಕದ ಸೀಟಿನಲ್ಲಿ ಓದುತ್ತಿದ್ದ ಅಕ್ಕ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮುಗಿಸಿ ಕೆಎಎಸ್‌ಗೆ ತಯಾರಿ ನಡೆಸಿದ್ದವರು. ಒಂದು ಸಂಜೆ ಎಲ್ಲರೂ ಚಹಾಕ್ಕೆ ಎದ್ದಾಗ ನಾನು ಏಳಲಿಲ್ಲ. ಅವರೇ ಬಂದು ಕೇಳಿದರು.

‘ಯಾಕ ತಮ್ಮಾ, ಒಂದ್ ತಾಸಿನಿಂದ ಅದ ಹಾಳಿ ನೋಡಾಕತ್ತೀಯಲ್ಲ?’

‘ಇದಕ್ಕ ಸಿನ್ಸ್ ಅಂತ ಹಾಕಿದ್ದೆ ಅಕ್ಕಾ. ಫಾರ್ ಸರಿ ಅಂತ. ರೂಲ್ ಬಾಯಿಪಾಠ ಐತಿ, ಆದ್ರೂ ಪ್ರತಿ ಸಲ ಸಿನ್ಸ್ ಕಡೇನ ಹೋಗ್ತೀನಿ.’

ವಾಕ್ಯ ಹೀಗಿತ್ತು: ‘ಹೀ ಈಸ್ ಲಿವಿಂಗ್ ಇನ್ ದಿಸ್ ಸಿಟಿ ಸಿನ್ಸ್ ಫೈವ್ ಇಯರ್ಸ್.’ ಅಕ್ಕ ಅದನ್ನು ಓದಿ, ‘ಇದನ್ನ ಕನ್ನಡದಾಗ ಹೇಳು’ ಅಂದರು.

‘ಐದ್ ವರ್ಷದಿಂದ ಈ ಊರಾಗ ಅದಾನ.’

‘ಐದ್ ವರ್ಷದ ಬದ್ಲಿ 2013 ಅಂತ ಇಟ್ಟು ಹೇಳು.’

‘2013ರಿಂದ ಈ ಊರಾಗ ಅದಾನ.’

‘ಎರಡಕ್ಕೂ ಯಾವ ವಿಭಕ್ತಿ ಬಂತು?’

‘ಇಂದ.’

‘ಅಷ್ಟ ನೋಡು. ನಮಗ ಒಂದ ಇಂದ ಸಾಕು, ಅವರಿಗೆ ಎರಡು ಬೇಕು. ನಿನ್ನ ಕೈ ತಪ್ಪು ಬರಿಯಾಕತ್ತಿಲ್ಲ ತಮ್ಮಾ, ಕನ್ನಡ ಬರಿಯಾಕತ್ತೈತಿ.’

ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ನಾಲ್ಕು ತಿಂಗಳು ನನ್ನ ತಲೆಯೇ ಮಂದ ಎಂದುಕೊಂಡಿದ್ದೆ. ಹಾಗಲ್ಲ, ನನ್ನೊಳಗೆ ಒಂದು ಭಾಷೆ ತನ್ನ ಕ್ರಮದಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅದು ಎಲ್ಲಿ ಇಂಗ್ಲಿಷಿನ ದಾರಿಯಿಂದ ಬೇರೆಯಾಗುತ್ತದೆ ಎಂಬುದನ್ನು ಯಾರೂ ತೋರಿಸಿರಲಿಲ್ಲ ಅಷ್ಟೇ.

ಮರುದಿನ 200 ಪುಟದ ಉದ್ದ ನೋಟ್‌ಬುಕ್ ತಂದೆ. ಎಡಪುಟದಲ್ಲಿ ಕನ್ನಡ ವಾಕ್ಯ, ಬಲಪುಟದಲ್ಲಿ ಇಂಗ್ಲಿಷ್. ತಪ್ಪಾದ ಪ್ರತಿಯೊಂದು ಪ್ರಶ್ನೆಯನ್ನೂ ಮೊದಲು ನಮ್ಮ ಮನೆಯ ಕನ್ನಡಕ್ಕೆ ತಂದು ಎಡಪುಟದಲ್ಲಿ ಬರೆಯುವುದು, ಆಮೇಲೆ ಎರಡನ್ನೂ ಎದುರುಬದುರು ಇಟ್ಟು ನೋಡುವುದು. ಕೋಚಿಂಗಿನಲ್ಲಿ ಮರೆಯಿರಿ ಎಂದಿದ್ದನ್ನೇ ನಾನು ಮೊದಲು ಬರೆಯತೊಡಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಸಲಹೆ ಮೊದಲ ಮೆಟ್ಟಿಲಲ್ಲಿ ಕೊಡಬಾರದ್ದು ಎಂದು ನಾನು ಈಗ ಗಟ್ಟಿಯಾಗಿ ನಂಬಿದ್ದೇನೆ. ಯೋಚಿಸಲು ಬೇಕಾದಷ್ಟು ಇಂಗ್ಲಿಷ್ ಇದ್ದಿದ್ದರೆ ಆ ಮಾಕ್ ಟೆಸ್ಟಿನಲ್ಲಿ ಹತ್ತು ಅಂಕ ಬರುತ್ತಿರಲಿಲ್ಲ.

ಸಿನ್ಸ್–ಫಾರ್ ಜೋಡಿಗೆ ಮೊದಲ ಆರು ಪುಟ ಹೋದವು. ಬರೆಯುತ್ತ ಬರೆಯುತ್ತ ಒಂದು ಉಪಾಯ ಕನ್ನಡದಲ್ಲೇ ಸಿಕ್ಕಿತು. ‘ಇಂದ’ ಇರುವ ಮಾತಿಗೆ ಪ್ರಶ್ನೆ ಹಾಕಿ ನೋಡುವುದು. ‘ಮೂರು ದಿನದಿಂದ ಜ್ವರ’ ಎಂದರೆ ಪ್ರಶ್ನೆ ‘ಎಷ್ಟು ದಿನದಿಂದ?’ ಎಂದಾಗುತ್ತದೆ. ‘ಸೋಮವಾರದಿಂದ ಜ್ವರ’ ಎಂದರೆ ‘ಯಾವಾಗಿನಿಂದ?’ ಎಂದಾಗುತ್ತದೆ. ಎಷ್ಟು ಎಂಬ ಪ್ರಶ್ನೆಗೆ ಫಾರ್, ಯಾವಾಗ ಎಂಬ ಪ್ರಶ್ನೆಗೆ ಸಿನ್ಸ್. ಚಿಕ್ಕಂದಿನಿಂದ, ಬೆಳಗ್ಗೆಯಿಂದ, ಅಪ್ಪ ಹೋದಾಗಿನಿಂದ, ಎಲ್ಲವೂ ಯಾವಾಗಿನಿಂದ. ಕಾಲಾವಧಿ, ಕಾಲಬಿಂದು ಎಂಬ ಮಾತುಗಳು ಪರೀಕ್ಷೆಯ ಗಡಿಬಿಡಿಯಲ್ಲಿ ಕೈಕೊಡುತ್ತಿದ್ದವು. ಈ ಪ್ರಶ್ನೆ ಕೈಕೊಡಲಿಲ್ಲ, ಯಾಕೆಂದರೆ ಡಾಕ್ಟರ ಬಳಿ ಹೋದಾಗಲೆಲ್ಲ ಕೇಳಿಸಿಕೊಂಡ ಪ್ರಶ್ನೆ ಅದು.

ಆದರೆ ಅದೇ ವಾಕ್ಯದಲ್ಲಿ ಎರಡನೇ ಹಳ್ಳ ಇತ್ತು. ನಾನು ಫಾರ್ ಕಂಡ ಕೂಡಲೇ ‘ಈಸ್ ಲಿವಿಂಗ್ ಫಾರ್ ಫೈವ್ ಇಯರ್ಸ್’ ಎಂಬ ಆಯ್ಕೆಗೆ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಅದೂ ತಪ್ಪು. ನಮ್ಮಲ್ಲಿ ‘ಐದು ವರ್ಷದಿಂದ ಇದ್ದಾನೆ’ ಎಂದರೆ ಕ್ರಿಯಾಪದ ವರ್ತಮಾನ ಕಾಲದಲ್ಲೇ ನಿಲ್ಲುತ್ತದೆ. ಅವನು ಈಗಲೂ ಇದ್ದಾನೆ, ಹಿಂದಿನದನ್ನೆಲ್ಲ ‘ಇಂದ’ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಐದು ವರ್ಷದ ಭಾರವನ್ನು ಕ್ರಿಯಾಪದವೂ ಹೊರಬೇಕು, ‘ಹ್ಯಾಸ್ ಬೀನ್ ಲಿವಿಂಗ್’ ಆಗಬೇಕು. ಪ್ರಶ್ನೆ ತೆಗೆಯುವವರಿಗೆ ಈ ಎರಡೂ ಹಳ್ಳ ಗೊತ್ತು. ಒಂದು ಆಯ್ಕೆಯಲ್ಲಿ ಒಂದನ್ನಷ್ಟೇ ಮುಚ್ಚಿ ಇಟ್ಟಿರುತ್ತಾರೆ. ಅರ್ಧ ಸರಿಯಾದ ಆಯ್ಕೆಯೇ ಎಲ್ಲಕ್ಕಿಂತ ಹೆಚ್ಚು ಎಳೆಯುತ್ತದೆ.

ಆಮೇಲೆ ‘ಬಗ್ಗೆ’ ಬಂತು. ‘ಮದುವೆ ಬಗ್ಗೆ ಚರ್ಚೆ ಮಾಡಿದೆವು’ ಎಂದೇ ನಮ್ಮ ಮನೆಯಲ್ಲಿ ಹೇಳುವುದು. ಅದು ನೇರ ‘ಡಿಸ್ಕಸ್‌ಡ್ ಅಬೌಟ್ ದ ಮ್ಯಾರೇಜ್’ ಆಗಿಬಿಡುತ್ತದೆ. ‘ಅವಳ ಜೊತೆ ಮದುವೆ’ ಎಂಬುದು ‘ಮ್ಯಾರೀಡ್ ವಿತ್’ ಆಗುತ್ತದೆ, ಇಂಗ್ಲಿಷ್ ‘ಮ್ಯಾರೀಡ್ ಟು’ ಎನ್ನುತ್ತದೆ. ‘ನನಗಿಂತ ಸೀನಿಯರ್’ ಎಂದ ಕೂಡಲೇ ‘ಗಿಂತ’ ಹೋಗಿ ‘ದ್ಯಾನ್’ ಬಂದು ಕೂರುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಲ್ಯಾಟಿನ್ನಿನಿಂದ ಹೋಲಿಕೆಯ ರೂಪದಲ್ಲೇ ಬಂದ ಶಬ್ದಗಳು, ಅವಕ್ಕೆ ದ್ಯಾನ್ ಹೊಂದುವುದಿಲ್ಲ, ಟು ಬೇಕು. ಪ್ರಿಫರ್ ಕೂಡ ಹಾಗೇ. ‘ಚಹಾಕ್ಕಿಂತ ಕಾಫಿ ಇಷ್ಟ’ ಎಂಬುದು ‘ಐ ಪ್ರಿಫರ್ ಕಾಫಿ ಟು ಟೀ.’

ಯಾವ ಕ್ರಿಯಾಪದದ ಹಿಂದೆ ಯಾವ ಬಾಲ ಬರುತ್ತದೆ ಎಂಬುದನ್ನು ಎಲ್ಲಿ ನೋಡಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಡಿಸ್ಕಸ್ ಎಂದರೆ ಚರ್ಚಿಸು ಎಂದಷ್ಟೇ ಇರುತ್ತದೆ. ಅಕ್ಕ ತಮ್ಮ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯನ್ನು ನನ್ನ ಮೇಜಿಗೆ ದಾಟಿಸಿದರು. ರಟ್ಟು ಕಿತ್ತು, ದಾರದಿಂದ ಹೊಲಿದದ್ದು. ಅದರಲ್ಲಿ ಒಂದು ಕ್ರಿಯಾಪದ ಹುಡುಕಿದರೆ ಅರ್ಥಕ್ಕೆ ಮೊದಲು ಅದು ಹೇಗೆ ನಡೆಯುತ್ತದೆ ಎಂಬುದನ್ನು ಸಣ್ಣಕ್ಷರದಲ್ಲಿ ತೋರಿಸಿರುತ್ತಾರೆ: ‘ಡಿಸ್ಕಸ್ ಸಮ್‌ಥಿಂಗ್ ವಿತ್ ಸಮ್‌ಬಡಿ’. ಆ ಸಾಲಿನಲ್ಲಿ ಅಬೌಟ್ ಇಲ್ಲ. ನಾನು ಆ ಸಣ್ಣಕ್ಷರವನ್ನು ದಾಟಿ ಅರ್ಥಕ್ಕೇ ಹಾರುತ್ತಿದ್ದವನು. ಆ ನಿಘಂಟಿನ ಮೂಲ ಕರ್ತೃ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಎಂದು ಆಮೇಲೆ ಓದಿ ತಿಳಿದೆ. ಅವರೂ ಸಂಗಡಿಗರೂ ಸೇರಿ ಮಾಡಿದ ನಿಘಂಟು ಮೊದಲು ಜಪಾನಿನಲ್ಲೇ 1942ರಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂತು. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ಎದುರು ನಿಂತು ಪಾಠ ಮಾಡಿದವರಿಗೇ ಆ ಸಣ್ಣಕ್ಷರದ ಅಗತ್ಯ ಹೊಳೆಯಲು ಸಾಧ್ಯ. ಅವರ ಬಗ್ಗೆ ನನಗೆ ಗುರುವಿನ ಮೇಲಿನ ಭಕ್ತಿಯೇ ಇದೆ.

ನೋಟ್‌ಬುಕ್ಕಿನಲ್ಲಿ ನನಗೆ ತೀರ ಪ್ರೀತಿಯ ಪುಟ ‘ಹಾಕು’ ಪುಟ. ಒಂದು ರಾತ್ರಿ ಕರೆಂಟು ಹೋಗಿತ್ತು. ನಾನೂ ರೂಮ್‌ಮೇಟೂ ಕತ್ತಲಲ್ಲಿ ಕೂತು, ಬೆಳಗ್ಗೆಯಿಂದ ಏನೇನು ‘ಹಾಕಿದೆವು’ ಎಂದು ಎಣಿಸತೊಡಗಿದೆವು. ಎದ್ದು ಲೈಟ್ ಹಾಕಿದೆ. ಚಹಾಕ್ಕೆ ಸಕ್ಕರೆ ಹಾಕಿದೆ. ಅಂಗಿ ಹಾಕಿದೆ. ಬಾಗಿಲು ಹಾಕಿದೆ. ಬೀಗ ಹಾಕಿದೆ. ಬೈಕಿಗೆ ಪೆಟ್ರೋಲ್ ಹಾಕಿಸಿದೆ. ಸೈಬರಿನಲ್ಲಿ ಅರ್ಜಿ ಹಾಕಿದೆ. ಫೋಟೋದ ಕೆಳಗೆ ಸಹಿ ಹಾಕಿದೆ. ಊರಲ್ಲಾದರೆ ದನಕ್ಕೆ ಮೇವು ಹಾಕಿದೆ, ಹೊಲಕ್ಕೆ ಗೊಬ್ಬರ ಹಾಕಿದೆ, ಅವ್ವ ಅಂಗಳಕ್ಕೆ ರಂಗೋಲಿ ಹಾಕಿದಳು, ಕೋಳಿ ತತ್ತಿ ಹಾಕಿತು, ಅಪ್ಪ ಓಟು ಹಾಕಿದ. ಕರೆಂಟು ಬಂದ ಮೇಲೆ ಇಷ್ಟನ್ನೂ ಎಡಪುಟದಲ್ಲಿ ಒಂದರ ಕೆಳಗೊಂದು ಬರೆದು ಬಲಪುಟ ತುಂಬಿಸಲು ಕೂತೆವು. ಲೈಟಿಗೆ ಸ್ವಿಚ್ ಆನ್. ಸಕ್ಕರೆಗೆ ಆ್ಯಡ್. ಅಂಗಿಗೆ ಪುಟ್ ಆನ್. ಬಾಗಿಲಿಗೆ ಕ್ಲೋಸ್, ಬೀಗಕ್ಕೆ ಲಾಕ್. ಪೆಟ್ರೋಲಿಗೆ ಫಿಲ್ ಅಪ್. ಅರ್ಜಿಗೆ ಅಪ್ಲೈ, ಸಹಿಗೆ ಸೈನ್. ಮೇವಿಗೆ ಫೀಡ್, ಗೊಬ್ಬರಕ್ಕೆ ಸ್ಪ್ರೆಡ್, ರಂಗೋಲಿಗೆ ಡ್ರಾ, ತತ್ತಿಗೆ ಲೇ, ಓಟಿಗೆ ಕಾಸ್ಟ್. ಹದಿಮೂರು ಕೆಲಸಕ್ಕೆ ನಮ್ಮಲ್ಲಿ ಒಂದೇ ಕ್ರಿಯಾಪದ. ಪುಟ್ ಎಂಬ ಶಬ್ದ ಬಂದದ್ದು ಒಂದೇ ಕಡೆ, ಅದೂ ಜೊತೆಗೊಂದು ಆನ್ ಕಟ್ಟಿಕೊಂಡು. ನಾನು ಮಾತ್ರ ಅಲ್ಲಿಯವರೆಗೆ ‘ಪುಟ್ ದ ಲೈಟ್’, ‘ಪುಟ್ ದ ಸಿಗ್ನೇಚರ್’ ಎಂದು ಎಲ್ಲದಕ್ಕೂ ಪುಟ್ ಅಂಟಿಸುತ್ತಿದ್ದೆ.

ಅಂದು ರಾತ್ರಿ ನನಗೆ ಸರಿಯಾದ ಶಬ್ದ ಎಂದರೆ ಏನು ಎಂಬುದು ಕೈಗೆ ಸಿಕ್ಕ ಹಾಗಾಯಿತು. ಕೈ ಏನು ಮಾಡುತ್ತಿದೆ ಎಂದು ಕಣ್ಣಮುಂದೆ ತಂದುಕೊಳ್ಳಬೇಕು. ಬಾಗಿಲಿನ ಮುಂದೆ ಕೈ ತಳ್ಳುತ್ತದೆ, ಬೀಗದ ಮುಂದೆ ಕೈ ತಿರುಗುತ್ತದೆ. ಕನ್ನಡ ಆ ವಿವರವನ್ನು ಬೀಗ, ಬಾಗಿಲು ಎಂಬ ನಾಮಪದಗಳಿಗೆ ಬಿಟ್ಟು ‘ಹಾಕು’ ಎಂದು ಮುಂದೆ ಹೋಗುತ್ತದೆ. ಇಂಗ್ಲಿಷ್ ಅದನ್ನು ಕ್ರಿಯಾಪದದಲ್ಲೇ ಕೇಳುತ್ತದೆ. ಕನ್ನಡ ಬಡವಾಯಿತು ಎಂದು ನಾನು ಹೇಳುತ್ತಿಲ್ಲ. ನಮ್ಮ ಅವ್ವ ‘ಹಾಕು’ ಒಂದರಿಂದಲೇ ಇಡೀ ಮನೆ ನಡೆಸುತ್ತಾಳೆ, ಯಾರಿಗೂ ಗೊಂದಲವಾಗುವುದಿಲ್ಲ.

‘ಕೇಳು’ ಕೂಡ ಹೀಗೇ. ಪ್ರಶ್ನೆ ಕೇಳಿದರೆ ಆಸ್ಕ್, ಹಾಡು ಕೇಳಿದರೆ ಲಿಸನ್, ಸದ್ದು ಕೇಳಿದರೆ ಹಿಯರ್, ಅವ್ವನ ಮಾತು ಕೇಳಿದರೆ ಒಬೇ. ‘ಐ ಹರ್ಡ್ ಟು ದ ಸ್ಪೀಚ್ ಕೇರ್‌ಫುಲ್ಲಿ’ ಎಂಬ ವಾಕ್ಯವನ್ನು ಎರಡು ಸಲ ತಪ್ಪಿದ್ದೆ. ಅಕ್ಕನಿಗೆ ತೋರಿಸಿದಾಗ ಅವರು, ‘ಕನ್ನಡದಾಗ ಫರಕು ಇಲ್ಲಂತ ಯಾರಂದ್ರು? ಮಲಕೊಂಡಾಗ ನಾಯಿ ಬೊಗಳಿದ್ದು ನೀ ಕೇಳಿದ್ಯೋ, ನಿನಗ ಕೇಳಿಸಿತೋ?’ ಎಂದರು. ಹೌದಲ್ಲ! ನನಗೆ ಕೇಳಿಸಿತು ಎಂದರೆ ನನ್ನ ಪ್ರಯತ್ನವಿಲ್ಲದೆ ಕಿವಿಗೆ ಬಿತ್ತು, ಅದು ಹಿಯರ್. ನಾನು ಕೇಳಿದೆ ಎಂದರೆ ಮನಸ್ಸಿಟ್ಟೆ, ಅದು ಲಿಸನ್, ಅದಕ್ಕೇ ಟು ಹತ್ತಿಕೊಳ್ಳುವುದು. ನನಗೆ ಕಾಣಿಸಿತು ಎಂದರೆ ಸೀ, ನಾನು ನೋಡಿದೆ ಎಂದರೆ ಲುಕ್ ಅಥವಾ ವಾಚ್. ಇಷ್ಟು ನವಿರಾದ ವ್ಯತ್ಯಾಸ ನನ್ನ ನಾಲಿಗೆಯ ಮೇಲೆ ಇಷ್ಟು ವರ್ಷ ಇತ್ತು.

ಅಲ್ಲಿಂದ ನಾನು ಕನ್ನಡ ಎಡವಿಸುವ ಕಡೆಗಳನ್ನಷ್ಟೇ ಅಲ್ಲ, ಕನ್ನಡ ಕೈಹಿಡಿಯುವ ಕಡೆಗಳನ್ನೂ ಹುಡುಕತೊಡಗಿದೆ. ಸಿಕ್ಕಿದ್ದು ನಾನು ಎಣಿಸಿದ್ದಕ್ಕಿಂತ ಹೆಚ್ಚು. ‘ಒನ್ ಆಫ್ ಮೈ ಫ್ರೆಂಡ್’ ಎಂದು ನೂರು ಸಲ ಬರೆದಿದ್ದೆ. ಕನ್ನಡದಲ್ಲಿ ‘ನನ್ನ ಗೆಳೆಯನಲ್ಲಿ ಒಬ್ಬ’ ಎಂದು ಯಾರಾದರೂ ಹೇಳುತ್ತಾರೆಯೇ? ‘ಗೆಳೆಯರಲ್ಲಿ ಒಬ್ಬ ಬಂದ’ ಎನ್ನುತ್ತೇವೆ. ಗೆಳೆಯರು ಬಹುವಚನ, ಬಂದ ಏಕವಚನ. ‘ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್ ಕಮ್’ ಎಂಬುದರ ಎರಡೂ ಬೀಗಗಳಿಗೆ ಕೀಲಿ ಅಲ್ಲೇ ಇದೆ. ‘ದ ಮದರ್, ಅಲಾಂಗ್ ವಿತ್ ಹರ್ ಚಿಲ್ಡ್ರನ್, ಹ್ಯಾವ್ ಕಮ್’ ಎಂಬಂಥ ವಾಕ್ಯ ಕೊಟ್ಟರೆ ಚಿಲ್ಡ್ರನ್ ಪಕ್ಕದಲ್ಲೇ ಇರುವುದರಿಂದ ಹ್ಯಾವ್ ಸರಿ ಅನ್ನಿಸುತ್ತದೆ. ‘ಅವ್ವ ಮಕ್ಕಳ ಜೊತೆ ಬಂದಳು’ ಎಂದು ಎಡಪುಟದಲ್ಲಿ ಬರೆದರೆ ಸಾಕು, ಬಂದಳು ಅವ್ವನಿಗೆ ಸೇರಿದ್ದು, ಹ್ಯಾಸ್ ತಾನಾಗಿ ಬರುತ್ತದೆ. ‘ಓದಿದ್ದರೆ ಪಾಸಾಗುತ್ತಿದ್ದೆ’ ಎಂಬಲ್ಲಿ ‘ಇದ್ದರೆ’ ಒಂದು ಕಡೆ, ‘ತ್ತಿದ್ದೆ’ ಇನ್ನೊಂದು ಕಡೆ. ಇದ್ದರೆಯ ಜಾಗದಲ್ಲಿ ಹ್ಯಾಡ್, ತ್ತಿದ್ದೆಯ ಜಾಗದಲ್ಲಿ ವುಡ್ ಹ್ಯಾವ್. ‘ಇಫ್ ಐ ವುಡ್ ಹ್ಯಾವ್ ಸ್ಟಡೀಡ್’ ಎಂಬ ಆಯ್ಕೆಗೆ ಆಮೇಲೆ ನಾನು ಒಮ್ಮೆಯೂ ಮರುಳಾಗಲಿಲ್ಲ. ‘ರೀಚ್‌ಡ್ ಟು ಹುಬ್ಬಳ್ಳಿ’ ತಪ್ಪು ಎಂಬುದನ್ನು ನೆನಪಿಡಲು ‘ಹುಬ್ಬಳ್ಳಿ ಮುಟ್ಟಿದೆ’ ಎಂಬ ನಮ್ಮ ಮಾತೇ ಸಾಕಾಯಿತು. ‘ಅಪ್ಪನನ್ನು ಹೋಲುತ್ತಾನೆ’ ಎಂಬಲ್ಲಿ ಜೊತೆ ಇಲ್ಲ, ರೆಸೆಂಬಲ್ ಮುಂದೆಯೂ ವಿತ್ ಇಲ್ಲ.

ಎ ಮತ್ತು ದ ಎಂಬ ಪುಟ್ಟ ಶಬ್ದಗಳ ವಿಷಯ ಹೇಳದೆ ಇರಲಾರೆ. ಕನ್ನಡದಲ್ಲಿ ಇವಿಲ್ಲ, ಅದಕ್ಕೇ ನಮಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಅಜ್ಜಿ ಹೇಳುತ್ತಿದ್ದ ಕಥೆ ಶುರುವಾಗುತ್ತಿದ್ದದ್ದು ಹೀಗೆ: ‘ಒಂದಾನೊಂದು ಊರಾಗ ಒಬ್ಬ ರಾಜ ಇದ್ದ. ಆ ರಾಜಗ ಮೂರು ಮಂದಿ ಮಕ್ಕಳು.’ ಮೊದಲ ಸಲ ಒಬ್ಬ ರಾಜ, ಎರಡನೇ ಸಲ ಆ ರಾಜ. ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಆದರೆ ಮೊದಲ ಸಲಕ್ಕೆ ಎ ಕಿಂಗ್, ಎರಡನೇ ಸಲಕ್ಕೆ ದ ಕಿಂಗ್ ಎಂಬ ಪಾಠ ಅದರಲ್ಲಿ ಪೂರ್ತಿ ಇತ್ತು. ಇನ್ನೂ ಒಂದು ಸೂಕ್ಷ್ಮವನ್ನು ಅಕ್ಕ ತೋರಿಸಿದರು. ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ, ‘ಪುಸ್ತಕವನ್ನು ತಂದೆ’ ಎಂದರೆ ಕೇಳುವವನಿಗೂ ಗೊತ್ತಿರುವ ಪುಸ್ತಕ ಎಂಬ ಧ್ವನಿ ಬರುತ್ತದೆ. ಆ ‘ಅನ್ನು’ ಹತ್ತಿರ ದ ಇಟ್ಟು ನೋಡಿದರೆ ಬಹಳ ಸಲ ಹೊಂದುತ್ತಿತ್ತು. ಎಲ್ಲ ಸಲ ಅಲ್ಲ. ಸೂರ್ಯನಿಗೆ ದ ಬೇಕು, ನಾವು ಆ ಸೂರ್ಯ ಎನ್ನುವುದಿಲ್ಲ. ಮಗು ಶಾಲೆಗೆ ಹೋದರೆ ದ ಬೇಡ, ಅಪ್ಪ ಮೇಷ್ಟ್ರನ್ನು ಕಾಣಲು ಅದೇ ಶಾಲೆಗೆ ಹೋದರೆ ದ ಬೇಕು. ಇಂಥವುಗಳಿಗೆ ಎಡಪುಟದಲ್ಲಿ ಆಸರೆ ಇರಲಿಲ್ಲ, ಬಾಯಿಪಾಠವೇ ಮಾಡಿದೆ. ಲುಕ್ ಆಫ್ಟರ್, ಲುಕ್ ಇನ್‌ಟು, ಲುಕ್ ಡೌನ್ ಅಪಾನ್ ಎಂಬಂಥ ಜೋಡಿಗಳನ್ನೂ ದಿನಕ್ಕೆ ಐದರಂತೆ ಸುಮ್ಮನೆ ಉರುಹೊಡೆದೆ.

ಇನ್ನು ‘ನೋ ಇಂಪ್ರೂವ್‌ಮೆಂಟ್’. ಮೊದಮೊದಲು ನಾನು ಅದನ್ನು ಮುಟ್ಟುತ್ತಲೇ ಇರಲಿಲ್ಲ, ಗೆರೆ ಎಳೆದಿದ್ದಾರೆ ಎಂದರೆ ತಪ್ಪು ಇರಲೇಬೇಕು ಎಂಬ ಭಾವನೆ. ಸ್ವಲ್ಪ ಧೈರ್ಯ ಬಂದ ಮೇಲೆ ಗೊತ್ತಾಗದ್ದಕ್ಕೆಲ್ಲ ಅದನ್ನೇ ಒತ್ತತೊಡಗಿದೆ. ಎರಡರಿಂದಲೂ ಅಂಕ ಹೋಯಿತು. ಕೊನೆಗೆ ಹಳೆಯ ಮದುವೆ ಕಾರ್ಡೊಂದನ್ನು ಉದ್ದಕ್ಕೆ ಕತ್ತರಿಸಿ ಪಟ್ಟಿ ಮಾಡಿಕೊಂಡೆ. ಅಭ್ಯಾಸದ ಪುಸ್ತಕದಲ್ಲಿ ನಾಲ್ಕು ಆಯ್ಕೆಗಳ ಮೇಲೂ ಆ ಪಟ್ಟಿ ಇಟ್ಟು, ವಾಕ್ಯವನ್ನು ಪೂರ್ತಿ ಓದಿ, ನಾನಾಗಿದ್ದರೆ ಇಲ್ಲಿ ಏನು ಬರೆಯುತ್ತಿದ್ದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಆಮೇಲೆ ಪಟ್ಟಿ ಸರಿಸುವುದು. ಆಯ್ಕೆಗಳನ್ನು ಮೊದಲೇ ಓದಿದರೆ ಅವು ನಾಲ್ಕು ಕಡೆಯಿಂದ ಎಳೆಯುತ್ತವೆ. ವಾಕ್ಯ ಪೂರ್ತಿ ಓದುವುದೂ ಮುಖ್ಯ, ಯಾಕೆಂದರೆ ‘ನೋ ಸೂನರ್’ ವಾಕ್ಯದ ತಲೆಯಲ್ಲಿ ಇರುತ್ತದೆ, ಗೆರೆ ಎಳೆದ ‘ವೆನ್’ ಬಾಲದಲ್ಲಿ. ತಲೆ ನೋಡದವನಿಗೆ ಅಲ್ಲಿ ‘ದ್ಯಾನ್’ ಬರಬೇಕೆಂದು ತಿಳಿಯುವುದೇ ಇಲ್ಲ.

ಮುಂದೂಡುತ್ತ ಬಂದ ಪರೀಕ್ಷೆ 2019ರ ಜೂನ್‌ನಲ್ಲಿ ನಡೆಯಿತು. ನನಗೆ ಹುಬ್ಬಳ್ಳಿ ಕೇಂದ್ರ. ಕಂಪ್ಯೂಟರ್ ಪರದೆಯ ಮೇಲೆ ಮದುವೆ ಕಾರ್ಡಿನ ಪಟ್ಟಿ ಇಡುವ ಹಾಗಿರಲಿಲ್ಲ, ಆದರೆ ಏಳು ತಿಂಗಳ ರೂಢಿಯಿಂದ ಕಣ್ಣು ತಾನಾಗಿ ವಾಕ್ಯದ ಮೇಲೆ ನಿಲ್ಲುತ್ತಿತ್ತು. ಇಂಗ್ಲಿಷಿನಲ್ಲಿ ಹದಿನೆಂಟು ಸರಿ, ನಾಲ್ಕು ತಪ್ಪು, ಮೂರು ಬಿಟ್ಟಿದ್ದೆ. 34 ಅಂಕ. ದೊಡ್ಡ ಅಂಕವೇನಲ್ಲ. ಆದರೆ ಅಷ್ಟೇ ಸಾಕಾಯಿತು, ಅಪ್ಪನೂ ಗಡುವು ವಿಸ್ತರಿಸಿದ. ಎರಡನೇ ಹಂತದಲ್ಲಿ ಆಗ ಇಂಗ್ಲಿಷಿಗೇ ಎರಡು ತಾಸು, 200 ಪ್ರಶ್ನೆ ಇದ್ದವು. ಅಷ್ಟರಲ್ಲಿ ನೋಟ್‌ಬುಕ್ ಮೂರಾಗಿದ್ದವು.

ಆಗ ಮೂರನೇ ಹಂತವೂ ಇತ್ತು, ಪೆನ್ನು ಹಿಡಿದು ಬರೆಯುವುದು. ಪ್ರಬಂಧ ಮತ್ತು ಪತ್ರ, 100 ಅಂಕ. ಅಲ್ಲಿ ಆಯ್ಕೆಗಳೇ ಇಲ್ಲ, ಶಬ್ದ ನಾನೇ ತರಬೇಕು. ಬೀದಿದೀಪ ಕೆಟ್ಟಿರುವ ಬಗ್ಗೆ ಪೌರಾಯುಕ್ತರಿಗೆ ಪತ್ರ ಬರೆದು ಅಕ್ಕನಿಗೆ ಕೊಟ್ಟೆ. ಕೊನೆಯ ಸಾಲು ‘ಐ ರಿಕ್ವೆಸ್ಟ್ ಯೂ ಟು ಕೈಂಡ್ಲಿ ಡೂ ದ ನೀಡ್‌ಫುಲ್.’ ಅವರು ಓದಿ ಕೇಳಿದರು, ‘ಏನ್ ಮಾಡಬೇಕಂತ ಬರದೀ ಇದರಾಗ?’

‘ಲೈಟ್ ರಿಪೇರಿ ಮಾಡ್ಸಬೇಕಂತ.’

‘ಎಲ್ಲೈತಿ ಅದು?’

ಇರಲಿಲ್ಲ. ನೀಡ್‌ಫುಲ್ ಎಂಬುದರೊಳಗೆ ಲೈಟೂ ಇರಲಿಲ್ಲ, ಕಂಬವೂ ಇರಲಿಲ್ಲ. ಹೊಡೆದು ಹಾಕಿ, ‘ಪ್ಲೀಸ್ ಗೆಟ್ ದ ಸಿಕ್ಸ್ ಸ್ಟ್ರೀಟ್‌ಲೈಟ್ಸ್ ಬಿಟ್ವೀನ್ ದ ಸ್ಕೂಲ್ ಅಂಡ್ ದ ಬಸ್ ಸ್ಟಾಪ್ ರಿಪೇರ್ಡ್’ ಎಂದು ಬರೆದೆ. ವ್ಯಾಕರಣದಲ್ಲಿ ಮೊದಲ ಸಾಲಿಗೂ ತಪ್ಪು ಹಿಡಿಯುವಂತಿಲ್ಲ. ಆದರೆ ಎರಡನೆಯದನ್ನು ಓದಿದ ಲೈನ್‌ಮನ್ ಏಣಿ ಹಿಡಿದು ಎಲ್ಲಿಗೆ ಹೋಗಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಈಗ ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ದಿನವೂ ಫೈಲಿನ ಮೇಲೆ ನೋಟಿಂಗ್ ಬರೆಯುವಾಗ ಆ ‘ಎಲ್ಲೈತಿ ಅದು?’ ಕಿವಿಯಲ್ಲಿ ಇರುತ್ತದೆ.

ಆ ಮೂರು ನೋಟ್‌ಬುಕ್ಕುಗಳನ್ನು ಹೋದ ವರ್ಷ ತಂಗಿಗೆ ಕೊಟ್ಟೆ. ಈಗ ಅವಳೂ ಸಪ್ತಾಪುರದಲ್ಲಿ ರೂಮು ಹಿಡಿದಿದ್ದಾಳೆ. ಮೊನ್ನೆ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪುಟದ ಫೋಟೋ ಕಳಿಸಿದಳು. ನಾನು ಖಾಲಿ ಬಿಟ್ಟಿದ್ದ ಪುಟಗಳಲ್ಲಿ ಒಂದು, ಅಕ್ಷರ ಅವಳದು. ಎಡಪುಟದ ತಲೆಯ ಮೇಲೆ ‘ಆಯಿತು’ ಎಂದು ಬರೆದು, ಕೆಳಗೆ ಸಾಲಾಗಿ: ಊಟ ಆಯಿತು. ಮದುವೆ ಆಯಿತು. ಪರಿಚಯ ಆಯಿತು. ನೆಗಡಿ ಆಯಿತು. ಬ್ಯಾಸರ ಆಯಿತು. ತಡ ಆಯಿತು. ಹೊತ್ತಾಯಿತು. ಬಲಪುಟ ಖಾಲಿ. ಕೆಳಗೆ, ‘ಅಣ್ಣಾ, ಇದು ನಿನ್ನ ಹಾಕು ಪುಟಕ್ಕಿಂತ ಕಠಿಣ ಐತಿ, ತುಂಬಿ ಕೊಡು’ ಎಂದಿದ್ದಳು.

ಊಟದಿಂದ ತಡದವರೆಗೆ ಆರು ಸಾಲು ತುಂಬಿ ಕಳಿಸಿದೆ. ‘ಹೊತ್ತಾಯಿತು’ ಹತ್ತಿರ ನಿಂತೆ. ಬೀಗರ ಮನೆಯಲ್ಲಿ ಕೂತವರು ಏಳುತ್ತ ಹೇಳಿದ್ದಾದರೆ ‘ಇಟ್ಸ್ ಗೆಟಿಂಗ್ ಲೇಟ್’. ಹೊಲದಿಂದ ಇನ್ನೂ ಬಾರದ ಅಪ್ಪನಿಗಾಗಿ ಅವ್ವ ಬಾಗಿಲಲ್ಲಿ ನಿಂತು ಹೇಳಿದ್ದಾದರೆ ಆ ಶಬ್ದಗಳು ಸಾಲುವುದಿಲ್ಲ. ಹಾಗಾಗಿ ಉತ್ತರ ಬರೆಯದೆ ತಂಗಿಗೆ ಒಂದು ಪ್ರಶ್ನೆ ಕಳಿಸಿದೆ: ‘ಇದನ್ನ ಯಾರು ಹೇಳಾಕತ್ತಾರ, ಹೊರಡೋರೋ, ಕಾಯೋರೋ?’